ನಾಯಕವಧೆಯೂ ಸಂಧಾನವೂ: ಕಿತ್ತೂರಿನಿಂದ ಮಲೆನಾಡಿನವರೆಗೆ

ಶಸ್ತ್ರ ಹಿಡಿದ ಪಂಗಡವೊಂದರ ನಾಯಕನನ್ನು ಕೊಂದರೆ ಶಾಂತಿ ಸಮೀಪಿಸುವುದೋ ದೂರ ಸರಿಯುವುದೋ ಎಂಬ ಪ್ರಶ್ನೆಯು ಡ್ರೋನ್ ಎಂಬ ಮಾನವರಹಿತ ವಿಮಾನದೊಡನೆ ಹುಟ್ಟಿತೆಂದು ಬಗೆಯುವವರುಂಟು. ಆದರೆ ಕೃಷ್ಣಾತೀರದ ಐನಾಪುರದಲ್ಲಾಗಲಿ ಅಥಣಿ, ಕಾಗವಾಡಗಳ ಸೀಮೆಯಲ್ಲಾಗಲಿ ಸಂಗೊಳ್ಳಿ ರಾಯಣ್ಣನ ಕಥೆಯನ್ನು ಕೇಳಿ ಬೆಳೆದವರಿಗೆ ಈ ಪ್ರಶ್ನೆ ಹೊಸದಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಚರಿತ್ರೆಯಲ್ಲಿಯೇ ಅದಕ್ಕೆ ಇನ್ನೂರು ವರ್ಷಗಳ ವಯಸ್ಸಾಗಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ ಥ್ಯಾಕರೆ ಹತನಾದನು. ಕಂಪನಿ ಸರಕಾರಕ್ಕೂ ಕಿತ್ತೂರಿಗೂ ನಡುವಣ ವ್ಯವಹಾರವೆಲ್ಲ ಯಾರ ಮೂಲಕ ಸಾಗುತ್ತಿದ್ದಿತೋ ಅವನೇ ಇಲ್ಲವಾದ ಮೇಲೆ, ಸೆರೆ ಸಿಕ್ಕಿದ್ದ ಸ್ಟೀವನ್ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳ ಬಿಡುಗಡೆಯೇ ಮುಂದಿನ ಮಾತುಕತೆಯ ಏಕಮಾತ್ರ ವಿಷಯವಾಯಿತು. ದಖ್ಖನದ ಕಮಿಷನರ ಚಾಪ್ಲಿನ್ನನೊಡನೆ ಒಪ್ಪಂದ ಕುದುರೀತೆಂಬ ಆಸೆಯಿಂದ ರಾಣಿ ಚೆನ್ನಮ್ಮನ ಕಡೆಯವರು ಡಿಸೆಂಬರ್ 2ರಂದು ಅವರನ್ನು ಬಿಟ್ಟುಕೊಟ್ಟರು. ಆ ವಾರ ಕಳೆಯುವುದರೊಳಗೆ ಕೋಟೆ ಕಂಪನಿಯ ವಶವಾಯಿತು. ರಾಯಣ್ಣನನ್ನು ಹಿಡಿದು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದಾಗಲಂತೂ ಸಂಧಾನದ ಪ್ರಸ್ತಾಪವೇ ಕಂಪನಿಗೆ ಅನವಶ್ಯಕವಾಗಿದ್ದಿತು.

ಈ ಲೇಖನದಲ್ಲಿ ನಾನು ಪರಿಶೀಲಿಸಹೊರಟಿರುವುದು ಒಂದೇ ಸಂಗತಿಯನ್ನು: ನಾಯಕನ ವಧೆಯಾದಾಗ ಅವನ ಪಂಗಡದ ಪರವಾಗಿ ಒಪ್ಪಂದಕ್ಕೆ ಸಹಿ ಹಾಕಬಲ್ಲ ಅಧಿಕಾರವೂ, ಎರಡೂ ಕಡೆಯವರು ನಂಬುವ ಮಧ್ಯಸ್ಥರೂ ಏನಾಗುತ್ತಾರೆ? ಹತನಾದವನು ಎಷ್ಟು ಕ್ರೂರಿಯಾಗಿದ್ದನೆಂಬುದಕ್ಕಿಂತ ಈ ಎರಡು ಅಂಶಗಳೇ ಮುಂದಿನ ಗತಿಯನ್ನು ನಿರ್ಧರಿಸುತ್ತವೆಂದು ನನ್ನ ಅಭಿಪ್ರಾಯ.

ಪಾಕಿಸ್ತಾನದ ವಾಯವ್ಯ ಗಡಿಯ ಉದಾಹರಣೆಗಳು ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾಗಿವೆ. 2004ರ ಏಪ್ರಿಲ್‌ನಲ್ಲಿ ಶಕಾಯಿ ಎಂಬಲ್ಲಿ ಪಾಕಿಸ್ತಾನದ ಸೇನೆಯೊಡನೆ ಒಪ್ಪಂದ ಮಾಡಿಕೊಂಡಿದ್ದ ಸಶಸ್ತ್ರ ಪಂಗಡದ ನಾಯಕ ನೇಕ್ ಮಹಮ್ಮದನು ಅದೇ ಜೂನ್‌ನಲ್ಲಿ ಅಮೆರಿಕದ ಡ್ರೋನ್ ದಾಳಿಗೆ ಬಲಿಯಾದನು. ಆ ಒಪ್ಪಂದವಾದರೋ ಅಷ್ಟರಲ್ಲಾಗಲೇ ಮುರಿದುಬಿದ್ದಿದ್ದಿತು. 2013ರ ನವೆಂಬರ್ 1ರಂದು ಪಾಕಿಸ್ತಾನದ ತಾಲಿಬಾನಿನ ನಾಯಕ ಹಕೀಮುಲ್ಲಾ ಮೆಹಸೂದನು ಹತನಾದದ್ದಾದರೆ, ಸರಕಾರದ ಪರವಾಗಿ ಧರ್ಮಗುರುಗಳು ಮಾತುಕತೆಯ ಆಹ್ವಾನವನ್ನು ಒಯ್ಯಬೇಕಾಗಿದ್ದ ದಿನದ ಹಿಂದಿನ ದಿನ. ಆತನ ಉತ್ತರಾಧಿಕಾರಿಯಾದ ಫಜಲುಲ್ಲಾನ ಪಂಗಡ ಮಾತುಕತೆಯನ್ನು ಒಡನೆಯೇ ತಿರಸ್ಕರಿಸಿತು. 2016ರ ಮೇ 21ರಂದು ಬಲೂಚಿಸ್ತಾನದಲ್ಲಿ ಆಫ್ಘನ್ ತಾಲಿಬಾನಿನ ಮುಖ್ಯಸ್ಥ ಮುಲ್ಲಾ ಅಖ್ತರ್ ಮನ್ಸೂರನನ್ನು ಡ್ರೋನಿನಿಂದ ಕೊಂದಾಗ, ಶಾಂತಿಗೆ ಅಡ್ಡಿಯಾಗಿದ್ದವನು ತೊಲಗಿದನೆಂಬ ವಾದವನ್ನು ಅಮೆರಿಕ ಮುಂದಿಟ್ಟಿತು. ಆದರೆ ಒಪ್ಪಂದವಾದುದು 2020ರ ಫೆಬ್ರವರಿ 29ರಂದು, ದೋಹಾದಲ್ಲಿ. ತಾಲಿಬಾನಿನ ಪರವಾಗಿ ಅದಕ್ಕೆ ಸಹಿ ಹಾಕಿದವನು 2010ರಿಂದ 2018ರವರೆಗೆ ಪಾಕಿಸ್ತಾನದ ಸೆರೆಯಲ್ಲಿದ್ದ ಮುಲ್ಲಾ ಬರಾದರ್. ಕೊಲ್ಲದೆ ಉಳಿಸಿದ್ದ ನಾಯಕನೊಬ್ಬನನ್ನು ಸೆರೆಯಿಂದ ಬಿಡಿಸಿ ತಂದು ಕೂರಿಸಿದ ಮೇಲೆಯೇ ಕಾಗದದ ಮೇಲೆ ಹೆಸರು ಬಿದ್ದಿತೆಂಬುದನ್ನು ನಾಯಕವಧೆಯ ಸಮರ್ಥಕರು ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ.

ಕರ್ನಾಟಕದಲ್ಲಿ ಡ್ರೋನ್ ಯಾವ ನಾಯಕನನ್ನೂ ಕೊಂದಿಲ್ಲ; ಇಲ್ಲಿ ಕೆಲಸ ಮಾಡಿದ್ದು ಬಂದೂಕು. ಆದರೂ ಮಲೆನಾಡಿನ ನಕ್ಸಲೀಯ ಚಳವಳಿಯ ಇತಿಹಾಸ ಈ ಪ್ರಶ್ನೆಗೆ ನಮ್ಮದೇ ಆದ ಪ್ರಮಾಣವನ್ನು ಒದಗಿಸುತ್ತದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿಯೂ ದೆಹಲಿಯ ಸಮೂಹ ಸಂವಹನ ಸಂಸ್ಥೆಯಲ್ಲಿಯೂ ಓದಿದ್ದ ಸಾಕೇತ್ ರಾಜನ್, ‘ಸಾಕಿ’ ಎಂಬ ಹೆಸರಿನಿಂದ ಕರ್ನಾಟಕದ ಜನಚರಿತ್ರೆಯ ಎರಡು ಸಂಪುಟಗಳನ್ನು ಇಂಗ್ಲಿಷಿನಲ್ಲಿ ಬರೆದವನು. 1800ರಿಂದ 1857ರವರೆಗಿನ ಸಶಸ್ತ್ರ ಪ್ರತಿರೋಧವನ್ನು ವಿವರಿಸುವ ಎರಡನೆಯ ಸಂಪುಟದ ಕಾಲವ್ಯಾಪ್ತಿಯಲ್ಲಿಯೇ ಕಿತ್ತೂರೂ ರಾಯಣ್ಣನೂ ಬರುತ್ತಾರೆ. ಇಂಥವನು ‘ಪ್ರೇಮ್’ ಎಂಬ ಹೆಸರಿನಲ್ಲಿ ಕಾಡಿನ ದಳಗಳ ನಾಯಕನಾಗಿದ್ದನು. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುವ ಭೀತಿ ಅಲ್ಲಿನ ಗಿರಿಜನರನ್ನೂ ಸಣ್ಣ ಹಿಡುವಳಿದಾರರನ್ನೂ ಆವರಿಸಿದ್ದ ಕಾಲವದು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಹಾಜಿಮಾ ಮತ್ತು ಪಾರ್ವತಿ ಎಂಬ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸಿಕ್ಕಿ ಸತ್ತಂದಿನಿಂದ ಮಲೆನಾಡಿನ ಮನಸ್ಸು ಕದಡಿಹೋಗಿದ್ದಿತು. ಪತ್ರಕರ್ತೆ ಗೌರಿ ಲಂಕೇಶ್ 2004ರಲ್ಲಿ ಕಾಡಿಗೆ ಹೋಗಿ ಸಾಕೇತನನ್ನು ಕಂಡುಬಂದರು. ಹಿಂಸೆಯನ್ನು ನಿಲ್ಲಿಸಿ ಮಾತುಕತೆಗೆ ದಾರಿ ಮಾಡಬೇಕೆಂದು ಅವರೂ ಅವರ ಸಂಗಡಿಗರಾದ ನಾಗರಿಕರೂ ಯತ್ನಿಸತೊಡಗಿದರು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ನೆರೆಯ ಆಂಧ್ರಪ್ರದೇಶದಲ್ಲಿ, ನಿವೃತ್ತ ಅಧಿಕಾರಿ ಎಸ್. ಆರ್. ಶಂಕರನ್ ಮೊದಲಾದವರ ಮಧ್ಯಸ್ಥಿಕೆಯ ಫಲವಾಗಿ, ನಕ್ಸಲೀಯ ನಾಯಕರು ಹೈದರಾಬಾದಿಗೇ ಬಂದು ಸರಕಾರದೊಡನೆ ಕುಳಿತು ಮಾತನಾಡಿದ್ದರು. ಮುಂದಿನ ಜನವರಿಯಲ್ಲಿ ಆ ಪ್ರಯತ್ನ ಕುಸಿಯಿತು. ಅದು ಕುಸಿದ ಮರುತಿಂಗಳು, 2005ರ ಫೆಬ್ರವರಿ 6ರಂದು, ಚಿಕ್ಕಮಗಳೂರು ಜಿಲ್ಲೆಯ ಮೆಣಸಿನಹಾಡ್ಯದ ಬಳಿ ಸಾಕೇತ್ ರಾಜನ್ ಮತ್ತು ಅವನ ಸಂಗಾತಿ ಶಿವಲಿಂಗು ಎನ್‌ಕೌಂಟರಿನಲ್ಲಿ ಹತರಾದರು. ಒಂದು ವಾರ ತುಂಬುವ ಮೊದಲೇ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ರಾಜ್ಯ ಮೀಸಲು ಪೊಲೀಸರ ಬಿಡಾರದ ಮೇಲೆ ರಾತ್ರಿಯ ವೇಳೆ ಪ್ರತೀಕಾರದ ದಾಳಿ ನಡೆದು, ಮಲೆನಾಡಿನ ಕಾರ್ಯಾಚರಣೆಯೊಡನೆ ಯಾವ ಸಂಬಂಧವೂ ಇಲ್ಲದಿದ್ದ ಬಡ ಪೇದೆಗಳು ಪ್ರಾಣ ಕಳೆದುಕೊಂಡರು. ಅವರ ಮನೆಗಳ ದುಃಖವನ್ನು ಸಾಕೇತನ ಬಗೆಗಿನ ಚರ್ಚೆಯಲ್ಲಿ ಮರೆತುಬಿಡುವುದು ನನಗೆ ಅನ್ಯಾಯವೆನ್ನಿಸುತ್ತದೆ. ಆ ವರ್ಷವೇ ನಕ್ಸಲ್ ನಿಗ್ರಹ ದಳ ರೂಪುಗೊಂಡಿತು. ಮಾತುಕತೆಯ ಮಾತು ಬಹುಕಾಲ ಯಾರ ಬಾಯಲ್ಲಿಯೂ ಬರಲಿಲ್ಲ.

ಕೇಂದ್ರದ ಮಟ್ಟದಲ್ಲಿಯೂ ಇದೇ ಬಗೆಯ ಪ್ರಸಂಗವೊಂದು ನಡೆಯಿತು. 2010ರಲ್ಲಿ ಗೃಹಸಚಿವ ಚಿದಂಬರಂ ಅವರಿಗೂ ಮಾವೋವಾದಿ ವಕ್ತಾರ ಆಜಾದನಿಗೂ ನಡುವೆ ಸ್ವಾಮಿ ಅಗ್ನಿವೇಶರು ಪತ್ರವ್ಯವಹಾರ ನಡೆಸುತ್ತಿದ್ದಾಗಲೇ, ಜುಲೈ ತಿಂಗಳ ಆದಿಯಲ್ಲಿ, ಆದಿಲಾಬಾದಿನ ಕಾಡಿನಲ್ಲಿ ಆಜಾದನು ಹತನಾದನು. ಪತ್ರಕ್ಕೆ ಉತ್ತರ ಬರೆಯುವವರಿಲ್ಲವಾಯಿತು.

ಹಾಗಾದರೆ ಮಲೆನಾಡಿನಲ್ಲಿ ಬಂದೂಕು ಕೊನೆಗೆ ಕೆಳಗಿಳಿದದ್ದು ಹೇಗೆ? 2024ರ ನವೆಂಬರ್ 18ರಂದು ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲೀಯ ನಾಯಕ ವಿಕ್ರಂ ಗೌಡ ಹತನಾದನು. 51 ದಿನಗಳ ತರುವಾಯ, 2025ರ ಜನವರಿ 8ರಂದು, ಮುಂಡಗಾರು ಲತಾ ಮೊದಲಾದ ಆರು ಮಂದಿ ನಕ್ಸಲೀಯರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರೆದುರು ಶರಣಾದರು. ಈ ಎರಡು ದಿನಾಂಕಗಳನ್ನು ಅಕ್ಕಪಕ್ಕದಲ್ಲಿಟ್ಟು, ಮೊದಲಿನದು ಕಾರಣ, ಎರಡನೆಯದು ಕಾರ್ಯವೆಂದು ಹೇಳುವುದು ಸುಲಭ. ವಿಕ್ರಂ ಗೌಡನ ಸಾವು ಉಳಿದವರನ್ನು ಅವಸರಪಡಿಸಿರಬಹುದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರು ನಡೆದುಬಂದ ದಾರಿ ಅದಕ್ಕೆ ಹತ್ತು ವರ್ಷ ಮೊದಲೇ ಸಿದ್ಧವಾಗಿದ್ದಿತು. ಸಾಕೇತನ ಸಾವಿನ ಬಳಿಕ ಸಶಸ್ತ್ರ ಮಾರ್ಗದ ವಿಷಯದಲ್ಲಿ ಭಿನ್ನಾಭಿಪ್ರಾಯ ತಳೆದು ಮಾವೋವಾದಿ ಪಕ್ಷದಿಂದ ಹೊರಬಿದ್ದಿದ್ದ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ 2014ರ ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಬಂದಾಗ, ಅವರನ್ನು ಕರೆತಂದವರು ಸ್ವಾತಂತ್ರ್ಯ ಹೋರಾಟಗಾರ ಎಚ್. ಎಸ್. ದೊರೆಸ್ವಾಮಿ, ಎ. ಕೆ. ಸುಬ್ಬಯ್ಯ ಹಾಗೂ ಗೌರಿ ಲಂಕೇಶ್. ಇಬ್ಬರ ಪ್ರಾಣಕ್ಕೂ ಗೌರವಕ್ಕೂ ಭಂಗ ಬರಲಿಲ್ಲವೆಂಬುದನ್ನು ಕಾಡಿನಲ್ಲಿ ಉಳಿದವರು ಕಂಡರು. ಅಪನಂಬಿಕೆಯೇ ನೆಲೆಯಾದ ಜಗತ್ತಿನಲ್ಲಿ ಇಂಥ ನಿದರ್ಶನವೊಂದು ಶರಣಾಗತಿಯ ಪ್ಯಾಕೇಜಿನ ಹಣಕ್ಕಿಂತ ಬೆಲೆಯುಳ್ಳದ್ದು. 2017ರ ಸೆಪ್ಟೆಂಬರ್ 5ರಂದು ಗೌರಿಯವರು ಕೊಲೆಯಾದರು, ಮುಂದೆ ಸುಬ್ಬಯ್ಯನವರೂ ದೊರೆಸ್ವಾಮಿಯವರೂ ತೀರಿಕೊಂಡರು. ಆದರೂ ‘ಶಾಂತಿಗಾಗಿ ನಾಗರಿಕ ವೇದಿಕೆ’ ಎಂಬ ಮಧ್ಯಸ್ಥರ ಸಂಘಟನೆ ಉಳಿದಿದ್ದಿತು, ಬಂಜಗೆರೆ ಜಯಪ್ರಕಾಶರಂಥವರು ಮಾತನ್ನು ಮುಂದುವರಿಸಿದರು. ಈ ಮಧ್ಯಸ್ಥರಿಲ್ಲದೆ ಹೋಗಿದ್ದರೆ ಪೀತಬೈಲಿನ ಗುಂಡಿನ ಸದ್ದು ಮತ್ತೊಂದು ವೆಂಕಟಮ್ಮನಹಳ್ಳಿಯನ್ನು ಕಾಣಿಸುತ್ತಿರಲಿಲ್ಲವೆಂದು ಯಾರು ಹೇಳಬಲ್ಲರು?

ಇನ್ನೂ ಒಂದು ಭೇದವನ್ನು ಗಮನಿಸಬೇಕು. 2005ರಲ್ಲಿ ಸಾಕೇತನು ಒಪ್ಪಿದ್ದರೆ ಬೆಳೆಯುತ್ತಿದ್ದ ಸಂಘಟನೆಯೊಂದು ಒಪ್ಪುವ ಸಂಭವವಿದ್ದಿತು. 2025ರಲ್ಲಿ ಬಂದವರು ಬೆರಳೆಣಿಕೆಯ ದಣಿದ ಮನುಷ್ಯರು. ಮೊದಲನೆಯದು ಸಂಧಾನವಾಗಬಹುದಾಗಿದ್ದಿತು, ಎರಡನೆಯದು ಶರಣಾಗತಿ. ಆ ಎರಡರ ನಡುವಣ ಇಪ್ಪತ್ತು ವರ್ಷಗಳಲ್ಲಿ ಪೊಲೀಸರೂ ನಕ್ಸಲೀಯರೂ ಮಾಹಿತಿದಾರರೆಂಬ ಶಂಕೆಗೆ ತುತ್ತಾದ ಹಳ್ಳಿಗರೂ ಸತ್ತರು.

2025ರ ಫೆಬ್ರವರಿ 1ರಂದು ಚಿಕ್ಕಮಗಳೂರಿನಲ್ಲಿ ಕೋಟೆಹೊಂಡ ರವೀಂದ್ರ, ಮರುದಿನ ಉಡುಪಿಯಲ್ಲಿ ತೊಂಬಟ್ಟು ಲಕ್ಷ್ಮಿ ಶರಣಾದುದರೊಡನೆ ಕರ್ನಾಟಕ ನಕ್ಸಲ್‌ಮುಕ್ತವಾಯಿತೆಂದು ಸರಕಾರ ಸಾರಿತು. ಹೊರಗೆ ಬಂದವರು ಈಗ ನ್ಯಾಯಾಲಯಗಳಲ್ಲಿ ಹಳೆಯ ಮೊಕದ್ದಮೆಗಳನ್ನು ಎದುರಿಸಬೇಕಾಗಿದೆ. ಆ ಮೊಕದ್ದಮೆಗಳು ಬೇಗ ಮುಗಿಯುವವೋ ಇಲ್ಲವೋ ಎಂಬುದನ್ನು ಛತ್ತೀಸಗಢದ ಕಾಡುಗಳಲ್ಲಿ ಇನ್ನೂ ಉಳಿದಿರುವವರೂ, ಅವರೊಡನೆ ಮಾತನಾಡಬಯಸುವ ಮಧ್ಯಸ್ಥರೂ ಲಕ್ಷ್ಯವಿಟ್ಟು ನೋಡುತ್ತಿರುತ್ತಾರೆ.