ಒಂದು ಕೈಯಲ್ಲಿ ನಾಡಿ ಸಿಗುತ್ತಿಲ್ಲವೇ? ವ್ಯಾಸ್ಕುಲೈಟಿಸ್ ಬಗ್ಗೆ ತಿಳಿಯಬೇಕಾದ ಸಂಗತಿಗಳಿವು

ಪುಣೆ: ವಾರಗಟ್ಟಲೆ ಬಿಡದ ಜ್ವರ, ಸುಸ್ತು, ತೂಕ ಇಳಿಕೆ. ಪುಣೆಯ ಹಿಂಜವಾಡಿ, ಬೆಂಗಳೂರಿನ ವೈಟ್‌ಫೀಲ್ಡ್‌ನಂತಹ ಐಟಿ ಪ್ರದೇಶಗಳಲ್ಲಿ ದುಡಿಯುವ ಯುವಜನರು ಇದನ್ನು ಕೆಲಸದ ಒತ್ತಡ ಎಂದು ಕಡೆಗಣಿಸುವ ಸಾಧ್ಯತೆಯೇ ಹೆಚ್ಚು. ಆದರೆ ಅಪರೂಪಕ್ಕೆ ಇದರ ಹಿಂದೆ ಸಿಸ್ಟಮಿಕ್ ವ್ಯಾಸ್ಕುಲೈಟಿಸ್, ಅಂದರೆ ರಕ್ತನಾಳಗಳ ಉರಿಯೂತ ಇರಬಹುದು. ಚಿಕಿತ್ಸೆ ತಡವಾದರೆ ಕಿಡ್ನಿ, ಶ್ವಾಸಕೋಶ, ಕಣ್ಣು, ಮೆದುಳಿಗೆ ಶಾಶ್ವತ ಹಾನಿಯಾಗಬಹುದು.

ಏನಿದು ಕಾಯಿಲೆ?

ಹೆಚ್ಚಿನ ಪ್ರಕರಣಗಳಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ರಕ್ತನಾಳಗಳ ಗೋಡೆಯ ಮೇಲೆ ದಾಳಿ ಮಾಡುತ್ತದೆ. ಇದರಿಂದ ನಾಳ ಕಿರಿದಾಗಿ ಅಂಗಗಳಿಗೆ ರಕ್ತ ಪೂರೈಕೆ ಕುಸಿಯುತ್ತದೆ.

ದೊಡ್ಡ ರಕ್ತನಾಳಗಳನ್ನು ಕಾಡುವ ಟಕಯಾಸು ಆರ್ಟರೈಟಿಸ್ ಭಾರತವೂ ಸೇರಿ ಏಷ್ಯಾದಲ್ಲಿ ಹೆಚ್ಚು. 1908ರಲ್ಲಿ ಜಪಾನಿನ ನೇತ್ರತಜ್ಞ ಮಿಕಿಟೊ ಟಕಯಾಸು ಇದನ್ನು ವಿವರಿಸಿದರು. 40 ವರ್ಷದೊಳಗಿನ ಮಹಿಳೆಯರಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಕೈಯಲ್ಲಿ ನಾಡಿ ಸಿಗದಿರುವುದು, ಎರಡು ಕೈಗಳ ಬಿಪಿಯಲ್ಲಿ ದೊಡ್ಡ ವ್ಯತ್ಯಾಸ ಇದರ ಸುಳಿವು. ರೋಗದ ತೀವ್ರತೆ ಅಳೆಯಲು ಭಾರತೀಯ ವೈದ್ಯರೇ ‘ಐಟಾಸ್ 2010’ ಎಂಬ ಮಾಪಕ ರೂಪಿಸಿದ್ದಾರೆ.

ಸಣ್ಣ ನಾಳಗಳನ್ನು ಕಾಡುವ ಆಂಕಾ ವ್ಯಾಸ್ಕುಲೈಟಿಸ್‌ನಲ್ಲಿ ಮೂಗಿನಿಂದ ರಕ್ತ, ಕೆಮ್ಮಿದಾಗ ರಕ್ತ, ಮೂತ್ರದಲ್ಲಿ ರಕ್ತ ಕಾಣಿಸಬಹುದು. ಇದರ ಪತ್ತೆಗೆ ಆಂಕಾ ರಕ್ತಪರೀಕ್ಷೆ ನೆರವಾಗುತ್ತದೆ.

ಚಿಕಿತ್ಸೆಯಲ್ಲಿ ಏನು ಬದಲಾಗಿದೆ?

* ದಶಕಗಳ ಕಾಲ ಸ್ಟೀರಾಯ್ಡ್ ಜತೆ ಸೈಕ್ಲೊಫಾಸ್ಫಮೈಡ್ ಮುಖ್ಯ ಚಿಕಿತ್ಸೆಯಾಗಿತ್ತು. ಆಂಕಾ ವ್ಯಾಸ್ಕುಲೈಟಿಸ್‌ಗೆ ರಿಟುಕ್ಸಿಮ್ಯಾಬ್ ಕೂಡ ಅಷ್ಟೇ ಪರಿಣಾಮಕಾರಿ ಎಂದು 2010ರ ಅಧ್ಯಯನ ತೋರಿಸಿತು. ಇದರ ಭಾರತೀಯ ಬಯೋಸಿಮಿಲರ್ ಅನ್ನು ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2007ರಲ್ಲೇ ಬಿಡುಗಡೆ ಮಾಡಿತ್ತು.

* 704 ರೋಗಿಗಳ ಪೆಕ್ಸಿವಾಸ್ ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಸ್ಟೀರಾಯ್ಡ್ ಪ್ರಮಾಣವನ್ನು ಬೇಗ ತಗ್ಗಿಸಿದರೂ ಸಾವು ಅಥವಾ ಕಿಡ್ನಿ ವೈಫಲ್ಯದ ಅಪಾಯ ಹೆಚ್ಚಲಿಲ್ಲ. ಗಂಭೀರ ಸೋಂಕುಗಳು ಕಡಿಮೆಯಾದವು.

* ಸ್ಟೀರಾಯ್ಡ್ ಅವಲಂಬನೆ ತಗ್ಗಿಸುವ ಅವಾಕೋಪಾನ್ ಮಾತ್ರೆಗೆ 2021ರಲ್ಲಿ ಅಮೆರಿಕ ಅನುಮೋದನೆ ನೀಡಿತು.

* 50 ದಾಟಿದವರನ್ನು ಕಾಡುವ ಜೈಂಟ್ ಸೆಲ್ ಆರ್ಟರೈಟಿಸ್‌ಗೆ 2017ರಲ್ಲಿ ಅಲ್ಲಿ ಟೊಸಿಲಿಜುಮ್ಯಾಬ್ ಒಪ್ಪಿಗೆ ಪಡೆಯಿತು.

ಯಾವ ಎಚ್ಚರಿಕೆ ಬೇಕು?

ಈ ಔಷಧಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಹೀಗಾಗಿ ಚಿಕಿತ್ಸೆಗೆ ಮುನ್ನ ಸುಪ್ತ ಕ್ಷಯ, ಹೆಪಟೈಟಿಸ್ ಬಿ ತಪಾಸಣೆ ಮುಖ್ಯ. ಗುಣವಾಯಿತೆಂದು ಸ್ಟೀರಾಯ್ಡ್ ಮಾತ್ರೆಯನ್ನು ಏಕಾಏಕಿ ನಿಲ್ಲಿಸುವುದು ಅಪಾಯಕಾರಿ. ಕಾಯಿಲೆ ಮರುಕಳಿಸಬಹುದಾದ್ದರಿಂದ ರುಮಟಾಲಜಿ ತಜ್ಞರ ಬಳಿ ನಿಯಮಿತ ತಪಾಸಣೆ ಅಗತ್ಯ. ಕೆಮ್ಮಿನಲ್ಲಿ ರಕ್ತ ಬಂದರೆ ಅಥವಾ ದಿಢೀರನೆ ದೃಷ್ಟಿ ಮಸುಕಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು.