ಆಕಾಶ ಎಲ್ಲಿ ಹೋಯ್ತು?

ನೂರೈವತ್ತು ವರ್ಷದ ಹಿಂದಿನ ಊರು-ಬೆಟ್ಟದ ಫೋಟೋಗಳನ್ನ ಒಂದ್ಸಲ ಗಮನ ಇಟ್ಟು ನೋಡಿ. ಕೆಳಗಡೆ ಎಲ್ಲಾ ಇರುತ್ತೆ. ಗುಡಿ, ಕಲ್ಲು, ಮರ, ಅಲ್ಲಾಡದೆ ನಿಂತ ಒಬ್ಬ ಮನುಷ್ಯ. ಮೇಲ್ಗಡೆ ಮಾತ್ರ ಸುಣ್ಣ ಬಳಿದ ಗೋಡೆ ಥರ ಬರೀ ಬಿಳಿ. ಬಹುಪಾಲು ಫೋಟೋಗಳಲ್ಲಿ ಒಂದು ತುಣುಕು ಮೋಡಾನೂ ಸಿಗಲ್ಲ. ಆ ಕಾಲದಲ್ಲಿ ಮೋಡ ಇರ್ಲಿಲ್ವಾ? ಇತ್ತು. ಕ್ಯಾಮೆರಾಗೆ ಅದನ್ನ ಹಿಡಿದಿಟ್ಟುಕೊಳ್ಳೋಕೆ ಬರ್ತಿರ್ಲಿಲ್ಲ, ಅಷ್ಟೇ.

ಈ ಕಾಣೆಯಾದ ಆಕಾಶವನ್ನ ವಾಪಸ್ ತರೋಕೆ ಫೋಟೋಗ್ರಾಫರ್‌ಗಳು ಪಟ್ಟ ಪಾಡಿನ ಕಥೆ ನಂಗೆ ಬಹಳ ಇಷ್ಟ. ಆ ಪಾಡಿನ ನಡುವೆ ಹುಟ್ಟಿದ್ದೇ ಗ್ರ್ಯಾಜುಯೇಟೆಡ್ ನ್ಯೂಟ್ರಲ್ ಡೆನ್ಸಿಟಿ ಫಿಲ್ಟರ್. ಹೆಸರು ಉದ್ದ, ವಸ್ತು ಸರಳ. ಲೆನ್ಸ್ ಮುಂದೆ ಹಿಡಿಯೋ ಒಂದು ಆಯತದ ಗಾಜು. ಅರ್ಧ ಬೂದು, ಅರ್ಧ ತಿಳಿ, ನಡುವೆ ಒಂದು ಬಣ್ಣ ಇನ್ನೊಂದಕ್ಕೆ ಕರಗುತ್ತೆ. ಬೂದು ಭಾಗ ಆಕಾಶಕ್ಕೆ, ತಿಳಿ ಭಾಗ ನೆಲಕ್ಕೆ. ಕಾರಿನ ಮುಂದಿನ ಗಾಜಿನ ಮೇಲಂಚಿಗೆ ಕಪ್ಪು ಪಟ್ಟಿ ಇರುತ್ತಲ್ಲ, ಅದೇ ಐಡಿಯಾ. ನಮ್ಮ ಗೆಳೆಯರ ಬಳಗದಲ್ಲಿ ಇದಕ್ಕೆ ಜಿಎನ್‌ಡಿ ಅಂತಾರೆ.

ಸಮಸ್ಯೆ ಏನು ಅಂತ ಮೊದಲು ನೋಡೋಣ. ಬೆಳಕಿನ ಲೆಕ್ಕವನ್ನ ಫೋಟೋಗ್ರಫಿಯಲ್ಲಿ ಸ್ಟಾಪ್‌ಗಳಲ್ಲಿ ಮಾಡ್ತಾರೆ. ಒಂದು ಸ್ಟಾಪ್ ಜಾಸ್ತಿ ಅಂದ್ರೆ ಬೆಳಕು ಎರಡರಷ್ಟು. ಎರಡು ಸ್ಟಾಪ್ ನಾಲ್ಕರಷ್ಟು, ಮೂರು ಎಂಟರಷ್ಟು. ನಮ್ಮ ಕಸುಬಿನವರಿಗೆ ಎರಡರ ಘಾತಗಳನ್ನ ವಿವರಿಸೋದೇನೂ ಬೇಡ. ಸೂರ್ಯ ಹುಟ್ಟೋ ಹೊತ್ತಲ್ಲಿ ನೆರಳಲ್ಲಿರೋ ನೆಲಕ್ಕಿಂತ ಆಕಾಶ ನಾಲ್ಕು ಸ್ಟಾಪ್, ಅಂದ್ರೆ ಹದಿನಾರು ಪಟ್ಟು ಹೊಳೀತಿರೋದು ಮಾಮೂಲು. ಕಣ್ಣಿಗೆ ಇದು ಲೆಕ್ಕಕ್ಕೇ ಇಲ್ಲ. ಒಂದ್ಸಲ ಮೇಲೆ, ಒಂದ್ಸಲ ಕೆಳಗೆ ನೋಡಿ ಮಿದುಳು ಎರಡನ್ನೂ ಸೇರಿಸಿಕೊಳ್ಳುತ್ತೆ. ಹಳೇ ಕ್ಯಾಮೆರಾಗೆ ಆ ಭಾಗ್ಯ ಇರ್ಲಿಲ್ಲ. ನೆಲಕ್ಕೆ ಹೊಂದಿಸಿದ್ರೆ ಆಕಾಶ ಬೆಳ್ಳಗಾಗುತ್ತೆ, ಆಕಾಶಕ್ಕೆ ಹೊಂದಿಸಿದ್ರೆ ನೆಲ ಕರ್ರಗಾಗುತ್ತೆ.

ಹತ್ತೊಂಬತ್ತನೇ ಶತಮಾನದಲ್ಲಿ ಇದರ ಮೇಲೆ ಇನ್ನೊಂದು ಪೆಟ್ಟು. ಆಗಿನ ರಾಸಾಯನಿಕಗಳಿಗೆ ನೀಲಿ ಬೆಳಕು ಅಂದ್ರೆ ಪ್ರಾಣ, ಹಸಿರು ಕೆಂಪು ಅಂದ್ರೆ ಅಸಡ್ಡೆ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ಗಾಜಿನ ಪ್ಲೇಟ್ ಆಗಲಿ, ಅದಕ್ಕೂ ಹಿಂದಿನ ಕಾಗದದ ನೆಗೆಟಿವ್ ಆಗಲಿ, ಎಲ್ಲದರದ್ದೂ ಇದೇ ಹಣೆಬರಹ. ಮರದ ಎಲೆ ಮೂಡೋವರೆಗೂ ಕಾದ್ರೆ ಅಷ್ಟೊತ್ತಿಗೆ ನೀಲಿ ಆಕಾಶ ಸುಟ್ಟೇ ಹೋಗಿರೋದು. ನೆಗೆಟಿವ್‌ನಲ್ಲಿ ಆಕಾಶದ ಜಾಗ ಕಲೆಕಲೆಯಾಗಿ ಬಂದ್ರೆ ಎಷ್ಟೋ ಜನ ಅದರ ಮೇಲೆ ಮಸಿ ಬಳಿದುಬಿಡ್ತಿದ್ರು. ನೆಗೆಟಿವ್‌ನ ಕಪ್ಪು ಪ್ರಿಂಟ್‌ನಲ್ಲಿ ಬಿಳಿ. ಅಲ್ಲಿಗೆ ಮೋಡದ ಕಥೆ ಮುಗೀತು.

ಇದು ನಮ್ಮ ನೆಲದಲ್ಲೂ ನಡೆದದ್ದೇ. 1854ರ ಡಿಸೆಂಬರ್‌ನಲ್ಲಿ ಲಿನೇಯಸ್ ಟ್ರೈಪ್ ಅನ್ನೋ ಮದ್ರಾಸ್ ಸೇನೆಯ ಅಧಿಕಾರಿ ಬೇಲೂರು, ಹಳೇಬೀಡಿನ ಫೋಟೋ ತೆಗೆದ. ಎರಡು ವರ್ಷ ಕಳೆದು, 1856ರಲ್ಲಿ, ಅದೇ ಸೇನೆಯ ಅಲೆಕ್ಸಾಂಡರ್ ಗ್ರೀನ್‌ಲಾ ದೊಡ್ಡ ದೊಡ್ಡ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನ ಸೆರೆಹಿಡಿದ. ಅವು ಹಂಪಿಯ ಅತಿ ಹಳೇ ಫೋಟೋಗಳ ಸಾಲಿಗೆ ಸೇರ್ತವೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಕಂಬ ಉಳೀತು, ಯಾವ ಗಾರೆ ಬಿತ್ತು ಅಂತ ಹೇಳಬಹುದು. ಕಲ್ಲಿನ ಚರಿತ್ರೆಗೆ ಸಾಕ್ಷಿ ಸಿಕ್ತು. ಆದ್ರೆ ಗ್ರೀನ್‌ಲಾ ಹಂಪಿಯಲ್ಲಿ ಇದ್ದ ಆ ದಿನಗಳಲ್ಲಿ ತುಂಗಭದ್ರೆಯ ಮೇಲೆ ಎಂಥಾ ಮೋಡ ಕಟ್ಟಿತ್ತು? ಆ ಸಾಕ್ಷಿಯನ್ನ ರಸಾಯನಶಾಸ್ತ್ರವೇ ಅಳಿಸಿಹಾಕಿದೆ.

ಟ್ರೈಪ್‌ಗೆ ಈ ಬಿಳಿ ಆಕಾಶ ಸಹಿಸೋಕಾಗ್ಲಿಲ್ಲ ಅಂತ ಕಾಣುತ್ತೆ. ಮುಂದೆ 1855ರಲ್ಲಿ ಬರ್ಮಾದಲ್ಲಿ ತೆಗೆದ ನೆಗೆಟಿವ್‌ಗಳ ಮೇಲೆ ಆತ ಕುಂಚ ಹಿಡಿದು ಮೋಡ ಬರೆದ. ಫೋಟೋಶಾಪ್ ಬರೋಕೆ 135 ವರ್ಷ ಮುಂಚೆ!

ಗ್ರೀನ್‌ಲಾ ಬಳಸಿದ ಮೇಣದ ಕಾಗದದ ವಿಧಾನವನ್ನ ರೂಪಿಸಿದ್ದು ಪ್ಯಾರಿಸ್‌ನ ಗುಸ್ತಾವ್ ಲ ಗ್ರೇ. ಮೊದಲೇ ತಯಾರು ಮಾಡಿ ದಿನಗಟ್ಟಲೆ ಇಟ್ಕೋಬಹುದಾದ ಕಾಗದ. ಅಲೆದಾಡೋರಿಗೆ ಅನುಕೂಲ. ಗ್ರೀನ್‌ಲಾ ಹಂಪಿಯಲ್ಲಿ ಇದ್ದ ವರ್ಷದಲ್ಲೇ ಲ ಗ್ರೇ ಸಮುದ್ರದ ಫೋಟೋ ತೆಗೆಯೋಕೆ ಶುರು ಮಾಡಿದ. ಅವನ ಹಲವು ಫೋಟೋಗಳ ಗುಟ್ಟು ಏನು ಗೊತ್ತಾ? ಎರಡು ನೆಗೆಟಿವ್. ಒಂದರಲ್ಲಿ ಅಲೆ, ಇನ್ನೊಂದರಲ್ಲಿ ಮೋಡ. ದಿಗಂತದ ಗೆರೆಯಲ್ಲಿ ಎರಡನ್ನೂ ಹೊಂದಿಸಿ ಒಂದೇ ಕಾಗದಕ್ಕೆ ಪ್ರಿಂಟ್. 1857ರ ‘ದಿ ಗ್ರೇಟ್ ವೇವ್’ ಅಂಥದ್ದೇ. ನೋಡಿದೋರು ದಂಗಾದರು. ಅಲ್ಲೀವರೆಗೆ ಒಂದೇ ಫೋಟೋದಲ್ಲಿ ಅಲೆಯನ್ನೂ ಮೋಡವನ್ನೂ ಕಂಡೋರೇ ಅಪರೂಪ.

ಇಲ್ಲೇ ಒಂದು ಸಣ್ಣ ಕಳ್ಳಾಟ ಶುರುವಾಯ್ತು. ಚೆನ್ನಾಗಿ ಬಂದ ಮೋಡದ ನೆಗೆಟಿವ್ ಒಂದು ಇದ್ರೆ ಅದನ್ನ ಒಂದಕ್ಕೇ ಯಾಕೆ ಬಳಸಬೇಕು? ಲ ಗ್ರೇನ ಬೇರೆಬೇರೆ ಕಡಲ ಚಿತ್ರಗಳಲ್ಲಿ ಒಂದೇ ಆಕಾಶ ತಲೆ ಹಾಕುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕೋಡ್ ರೀಯೂಸ್. ಪಾಪ, ಕಲೆಗೆ ಸಿಕ್ಕ ಹೆಸರು ವ್ಯವಹಾರಕ್ಕೆ ದಕ್ಕಲಿಲ್ಲ. ಪ್ಯಾರಿಸ್‌ನ ಸ್ಟುಡಿಯೋ ಮುಚ್ಚಿ, ದೇಶ ಬಿಟ್ಟು, ಕೊನೆಗೆ ಕೈರೋದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು 1884ರಲ್ಲಿ ತೀರಿಕೊಂಡ.

ಜೋಡಿಸೋದು ಬೇಡ, ತೆಗೆಯೋ ಹೊತ್ತಲ್ಲೇ ಆಕಾಶಕ್ಕೆ ಬೆಳಕು ಕಡಿಮೆ ಬೀಳೋ ಹಾಗೆ ಮಾಡೋಣ ಅಂತ ಯೋಚಿಸಿದೋರೂ ಇದ್ರು. ಓಡೋ ಕುದುರೆಯ ಫೋಟೋಗಳಿಂದ ಹೆಸರಾದ ಎಡ್ವರ್ಡ್ ಮೈಬ್ರಿಜ್ ಅವರಲ್ಲೊಬ್ಬ. ಕುದುರೆಗೆ ಮುಂಚೆ ಆತ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯ ಫೋಟೋಗ್ರಾಫರ್. 1869ರಲ್ಲಿ ಅವನು ‘ಸ್ಕೈ ಶೇಡ್’ ಅನ್ನೋ ಸಾಧನದ ಬಗ್ಗೆ ಬರೆದ. ಎಕ್ಸ್‌ಪೋಷರ್ ನಡೀತಿರೋವಾಗ ಆಕಾಶದ ಭಾಗಕ್ಕೆ ಕಮ್ಮಿ ಹೊತ್ತು, ನೆಲಕ್ಕೆ ಜಾಸ್ತಿ ಹೊತ್ತು ಬೆಳಕು ಬೀಳೋ ಹಾಗೆ ಮಾಡೋ ಒಂದು ಮರೆ. ಬಿಸಿಲಲ್ಲಿ ಹಣೆಗೆ ಕೈ ಅಡ್ಡ ಹಿಡಿದು ದೂರ ನೋಡ್ತೀವಲ್ಲ, ಕ್ಯಾಮೆರಾಗೆ ಹಾಗೆ ಮಾಡಿಸಿದ ಅನ್ನಿ. ನನ್ನ ಪ್ರಕಾರ ಜಿಎನ್‌ಡಿ ಫಿಲ್ಟರ್‌ನ ತಾತ ಇದೇ. ಹಾಗಂತ ಮೈಬ್ರಿಜ್ ಸತ್ಯಹರಿಶ್ಚಂದ್ರ ಏನಲ್ಲ. ಬೇರೆ ನೆಗೆಟಿವ್‌ನಿಂದ ಮೋಡ ತಂದು ಅಂಟಿಸಿದ್ದೂ ಉಂಟು.

ಮುಂದಿನ ದಾರಿ ತೆರೆದದ್ದು ರಸಾಯನಶಾಸ್ತ್ರವೇ. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್, ಪ್ಲೇಟಿಗೆ ಕೆಲವು ಬಣ್ಣಗಳನ್ನ ಬೆರೆಸಿದರೆ ಅದು ಹಸಿರನ್ನೂ ಗ್ರಹಿಸುತ್ತೆ ಅಂತ ಕಂಡುಕೊಂಡ. 1906ರಲ್ಲಿ ಇಂಗ್ಲೆಂಡಿನ ರಾಟನ್ ಅಂಡ್ ವೇನ್‌ರೈಟ್ ಕಂಪನಿ ಕೆಂಪನ್ನೂ ಗ್ರಹಿಸೋ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟ್‌ಗಳನ್ನ ಮಾರಾಟಕ್ಕೆ ತಂತು. ಈಗ ಹಳದಿ ಅಥವಾ ಕೆಂಪು ಗಾಜು ಅಡ್ಡ ಹಿಡಿದರೆ ನೀಲಿ ಆಕಾಶ ತಾನಾಗೇ ಗಾಢವಾಗ್ತಿತ್ತು. 1927ರ ಏಪ್ರಿಲ್‌ನಲ್ಲಿ ಅದೇ ಯೊಸೆಮಿಟಿಯ ಹಾಫ್ ಡೋಮ್ ಬಂಡೆ ಮುಂದೆ ನಿಂತ ಆನ್ಸೆಲ್ ಆಡಮ್ಸ್ ಮೊದಲು ಹಳದಿ ಫಿಲ್ಟರ್ ಹಾಕಿದರು, ಕೊನೆಯ ಪ್ಲೇಟಿಗೆ ಗಾಢ ಕೆಂಪು. ಹಗಲು ಆಕಾಶ ಹೆಚ್ಚುಕಮ್ಮಿ ಕಪ್ಪಾಗಿ, ಬಂಡೆ ಹೊಳೆದು ನಿಂತ ಆ ಚಿತ್ರ ಈಗ ಜಗತ್ಪ್ರಸಿದ್ಧ.

ಕಲರ್ ಬಂದ್ಮೇಲೆ ಈ ಉಪಾಯ ನಡೀಲಿಲ್ಲ. ಕೆಂಪು ಗಾಜು ಹಾಕಿದ್ರೆ ಇಡೀ ಪ್ರಪಂಚವೇ ಕೆಂಪು. ಅದರಲ್ಲೂ ಸ್ಲೈಡ್ ಫಿಲ್ಮ್ ಮಹಾ ಜಿಪುಣ. ಅದಕ್ಕೆ ಹಿಡಿಸೋದು ಸುಮಾರು ಐದು ಸ್ಟಾಪ್ ಅಂತರ ಅಷ್ಟೇ, ಡಾರ್ಕ್‌ರೂಮಿನಲ್ಲಿ ತಿದ್ದೋ ಅವಕಾಶವೂ ಇಲ್ಲ. ಕ್ಲಿಕ್ ಮಾಡಿದ್ದೇ ಅಂತಿಮ. ಹಾಗಾಗಿ ಬಣ್ಣ ಬದಲಾಗದೆ ಬೆಳಕು ಮಾತ್ರ ತಗ್ಗಬೇಕು. ‘ನ್ಯೂಟ್ರಲ್’ ಅನ್ನೋ ಪದಕ್ಕೆ ತೂಕ ಬಂದದ್ದು ಇಲ್ಲಿ. ಅಗ್ಗದ ಬೂದು ಫಿಲ್ಟರ್‌ಗಳು ಆಕಾಶಕ್ಕೆ ನೇರಳೆ ಬಣ್ಣ ಬಳಿದುಬಿಡೋವು. 1978ರಲ್ಲಿ ಫ್ರಾನ್ಸಿನ ಜಾನ್ ಕೋಕಾನ್ ಆರಂಭಿಸಿದ ಕೋಕಿನ್, ಚೌಕಾಕಾರದ ಫಿಲ್ಟರ್ ಮತ್ತು ಅದನ್ನ ಸಿಕ್ಕಿಸೋ ಹೋಲ್ಡರ್‌ಗಳನ್ನ ಸಾಮಾನ್ಯ ಹವ್ಯಾಸಿಗಳ ಕೈಗೂ ತಲುಪಿಸಿತು. ದುಂಡು ಫಿಲ್ಟರ್ ಆದ್ರೆ ದಿಗಂತ ಯಾವಾಗಲೂ ನಡುಮಧ್ಯಕ್ಕೇ ಬರಬೇಕು. ಚೌಕದ್ದಾದ್ರೆ ಮೇಲೆ ಕೆಳಗೆ ಸರಿಸಿ ಹೊಂದಿಸ್ಕೋಬಹುದು.

ಈ ಗಾಜಿಗೆ ಗೌರವ ತಂದುಕೊಟ್ಟವರು ಗೇಲನ್ ರೋವೆಲ್. ಬರ್ಕ್ಲಿಯಲ್ಲಿ ಕಾರ್ ರಿಪೇರಿ ಅಂಗಡಿ ಇಟ್ಟಿದ್ದ ಈ ಪರ್ವತಾರೋಹಿ 1972ರಲ್ಲಿ ಅಂಗಡಿ ಮಾರಿ ಪೂರ್ತಿ ಫೋಟೋಗ್ರಫಿಗೆ ಇಳಿದ. (ರಾಜೀನಾಮೆ ಪತ್ರ ಡ್ರಾಫ್ಟ್‌ನಲ್ಲಿಟ್ಟುಕೊಂಡಿರೋ ಗೆಳೆಯರು ಗಮನಿಸಿ.) ಹೆಗಲ ಮೇಲೆ ಹಗುರ ಕ್ಯಾಮೆರಾ, ಒಳಗೆ ಸ್ಲೈಡ್ ಫಿಲ್ಮ್, ಮುಂದೆ ಹಿಮಾಲಯದ ಬೆಳಗು. ಅವನ ವಿನ್ಯಾಸದ ಜಿಎನ್‌ಡಿ ಫಿಲ್ಟರ್‌ಗಳನ್ನ ಸಿಂಗ್-ರೇ ಕಂಪನಿ ಅವನ ಹೆಸರಲ್ಲೇ ಮಾರಿತು.

ಬಳಸೋದು ಹೇಗೆ? ನೆಲದ ಬೆಳಕು ಅಳೆಯಿರಿ, ಆಕಾಶದ ಬೆಳಕು ಅಳೆಯಿರಿ, ವ್ಯತ್ಯಾಸ ನೋಡಿ. ನಾಲ್ಕು ಸ್ಟಾಪ್ ಇದ್ರೆ ಮೂರು ಸ್ಟಾಪ್‌ನ ಫಿಲ್ಟರ್ ಹಾಕಿ. ಹದಿನಾರು ಪಟ್ಟು ಇದ್ದದ್ದು ಎರಡು ಪಟ್ಟಿಗೆ ಇಳಿಯುತ್ತೆ. ಪೂರ್ತಿ ಸಮ ಮಾಡಬಾರದು. ಆಕಾಶ ನೆಲಕ್ಕಿಂತ ಒಂಚೂರು ಬೆಳಗಿದ್ರೇನೇ ಕಣ್ಣು ಒಪ್ಪೋದು. ಕೆರೆ ಇದ್ರೆ ಇನ್ನೂ ಹುಷಾರು. ನೀರಿನ ಪ್ರತಿಬಿಂಬ ಆಕಾಶಕ್ಕಿಂತ ಹೊಳೆದುಬಿಟ್ಟರೆ, ಕಾರಣ ಗೊತ್ತಿಲ್ಲದೋರಿಗೂ ಎಲ್ಲೋ ಎಡವಟ್ಟಾಗಿದೆ ಅನ್ಸುತ್ತೆ. ಸಮುದ್ರದಂಥ ನೇರ ದಿಗಂತಕ್ಕೆ ಥಟ್ಟನೆ ಬದಲಾಗೋ ಹಾರ್ಡ್ ಫಿಲ್ಟರ್, ಬೆಟ್ಟಗುಡ್ಡಕ್ಕೆ ನಿಧಾನಕ್ಕೆ ಕರಗೋ ಸಾಫ್ಟ್.

ಇಷ್ಟಾದ್ರೂ ಈ ಗಾಜಿಗೆ ಗೊತ್ತಿರೋದು ಸರಳರೇಖೆ ಮಾತ್ರ. ಹಂಪಿ ಬಜಾರಿನಲ್ಲಿ ಸಂಜೆ ಪಡುವಣಕ್ಕೆ ಮುಖ ಮಾಡಿ ನಿಂತರೆ ವಿರೂಪಾಕ್ಷನ ಗೋಪುರ ಸುಮಾರು ಐವತ್ತು ಮೀಟರ್ ಎತ್ತರಕ್ಕೆ ಆಕಾಶದೊಳಕ್ಕೇ ನುಗ್ಗಿರುತ್ತೆ. ಜಿಎನ್‌ಡಿ ಹಾಕಿದ್ರೆ ಮೋಡದ ಜೊತೆ ಗೋಪುರದ ಮೇಲಂತಸ್ತುಗಳೂ ಕಪ್ಪಾಗ್ತವೆ. ಅಲ್ಲಿ ಟ್ರೈಪಾಡ್ ಊರಿದಾಗೆಲ್ಲ ನಂಗೆ ಇದೇ ಲೆಕ್ಕಾಚಾರ: ಆಕಾಶಕ್ಕೆ ಎಷ್ಟು ಕೊಡಲಿ, ಕಲ್ಲಿಗೆ ಎಷ್ಟು ಬಿಡಲಿ?

ಈ ಮಿತಿಯನ್ನ ಮುರಿದದ್ದು ನಮ್ಮವರು, ಅಂದ್ರೆ ಸಾಫ್ಟ್‌ವೇರ್‌ನೋರು. 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಐಐಟಿ ಕಾನ್ಪುರದಲ್ಲಿ ಓದಿದ ಜಿತೇಂದ್ರ ಮಲಿಕ್, ಬೇರೆಬೇರೆ ಎಕ್ಸ್‌ಪೋಷರ್‌ನ ಫೋಟೋಗಳಿಂದ ದೃಶ್ಯದ ಅಸಲಿ ಬೆಳಕನ್ನ ಲೆಕ್ಕಹಾಕೋ ವಿಧಾನ ಪ್ರಕಟಿಸಿದರು. 2008ರಲ್ಲಿ ಲೈಟ್‌ರೂಮ್ 2 ಬಂದಾಗ ಅದರಲ್ಲಿ ‘ಗ್ರ್ಯಾಜುಯೇಟೆಡ್ ಫಿಲ್ಟರ್’ ಅನ್ನೋ ಟೂಲ್ ಇತ್ತು. ಗಾಜಿನ ಹೆಸರು, ಗಾಜು ಮಾತ್ರ ಇಲ್ಲ. 2010ರಲ್ಲಿ ಐಫೋನ್‌ಗೆ ಎಚ್‌ಡಿಆರ್ ಬಂತು. ಈಗ ನಿಮ್ಮ ಜೇಬಿನ ಫೋನ್ ಒಂದು ಕ್ಲಿಕ್ಕಿಗೆ ಹಲವು ಫ್ರೇಮ್ ತೆಗೆದು, ಆಕಾಶ ಯಾವುದು ಗೋಪುರ ಯಾವುದು ಅಂತ ತಾನೇ ಗುರುತಿಸಿ, ತಾನೇ ಹೆಣೆದು ಕೊಡುತ್ತೆ. 2020ರ ಕೊನೆಗೆ ಫೋಟೋಶಾಪ್‌ನಲ್ಲಿ ‘ಸ್ಕೈ ರೀಪ್ಲೇಸ್‌ಮೆಂಟ್’ ಬಂತು. ಬೇಕಾದ ಆಕಾಶ ಆರಿಸಿಕೊಂಡ್ರೆ ಆಯ್ತು, ಕೂಡಿಸೋ ಕೆಲಸ ಅದರದ್ದು. ಲ ಗ್ರೇ ಕೂತು ಮಾಡ್ತಿದ್ದ ಕೆಲಸ ಈಗ ಕೆಲವು ಸೆಕೆಂಡಿನದ್ದು.

ಹಳ್ಳಿಯಲ್ಲಿ ಬೆಳೆದೋನಿಗೆ ಈ ಜಾಗದಲ್ಲಿ ಸ್ವಲ್ಪ ಕಸಿವಿಸಿ ಆಗುತ್ತೆ. ನಮ್ಮ ಮನೆಯಲ್ಲಿ ಆಕಾಶ ಹಿನ್ನೆಲೆ ಆಗಿರ್ಲಿಲ್ಲ, ಅದೇ ಮುಖ್ಯ ಸುದ್ದಿ. ‘ಆದ್ರೆ ಆರಿದ್ರೆ, ಇಲ್ಲಾಂದ್ರೆ ದರಿದ್ರ’ ಅನ್ನೋ ಮಾತು ಕೇಳ್ತಾ ಬೆಳೆದೋರು ನಾವು. ಕಳೆದ ವರ್ಷ ನಮ್ಮೂರ ಹತ್ರ ಲೇಔಟ್ ಮಾಡ್ತಿರೋರು ಯಾರೋ ಒಂದು ಬ್ರೋಷರ್ ಹಂಚಿದ್ರು. ಕೆರೆ ದಂಡೆ, ಮೇಲೆ ರಾಶಿ ರಾಶಿ ಮೋಡ. ಅಪ್ಪ ಕನ್ನಡಕ ಹಾಕ್ಕೊಂಡು ನೋಡಿ ಅಂದ್ರು: “ಮೋಡ ನೋಡಿದ್ರೆ ಶ್ರಾವಣದ್ದು. ಮರದ ನೆರಳು ನೋಡಿದ್ರೆ ಮಾರ್ಚ್ ತಿಂಗಳ ನಡು ಮಧ್ಯಾಹ್ನ. ಇದ್ಯಾವ ಊರಪ್ಪಾ?” ಎಕ್ಸ್‌ಪೋಷರ್, ಹಿಸ್ಟೋಗ್ರಾಂ ಯಾವುದೂ ಗೊತ್ತಿಲ್ಲದ ಮನುಷ್ಯ ಮೂವತ್ತು ಸೆಕೆಂಡಲ್ಲಿ ಕಳ್ಳನ್ನ ಹಿಡಿದಿದ್ರು. ಸೈಟು ಕೊಳ್ಳೋಕೆ ಬರೋ ನಮ್ಮಂಥೋರಿಗೆ ಆ ಕಣ್ಣು ಇದೆಯಾ?

‘ಎಡಿಟ್ ಮಾಡಿದ್ಯಾ, ಒರಿಜಿನಲ್ಲಾ?’ ಅಂತ ನಾವು ಕೇಳೋ ಪ್ರಶ್ನೆಯೇ ಸರಿಯಿಲ್ಲ ಅನ್ಸುತ್ತೆ. ಒರಿಜಿನಲ್ ಅನ್ನೋದು ಯಾವತ್ತೂ ಇರ್ಲಿಲ್ಲ. ಗ್ರೀನ್‌ಲಾನ ಬಿಳಿ ಆಕಾಶಕ್ಕೆ ಯಾರೂ ಏನೂ ಸೇರಿಸದೆ ಇದ್ರೂ ಅದು ಸುಳ್ಳು. ಲ ಗ್ರೇನ ಎರಡು ನೆಗೆಟಿವ್‌ನ ಅಲೆ ಜೋಡಿಸಿದ್ದಾದ್ರೂ ಕಣ್ಣು ಕಂಡದ್ದಕ್ಕೆ ಹತ್ರ. ಕೇಳಬೇಕಾದದ್ದು ಬೇರೆ: ಈ ಆಕಾಶ, ಈ ನೆಲದ ಮೇಲೆ, ಆ ಹೊತ್ತಿನಲ್ಲಿ ಇತ್ತಾ? ಫೋನಿನ ಎಚ್‌ಡಿಆರ್ ಬಹುಮಟ್ಟಿಗೆ ಈ ಪರೀಕ್ಷೆ ಪಾಸಾಗುತ್ತೆ. ಅಂಟಿಸಿದ ಆಕಾಶ ಪಾಸಾಗಲ್ಲ, ಎಷ್ಟೇ ಚೆಂದ ಇರಲಿ. ಬೂದು ಗಾಜಿಗಂತೂ ಈ ಸುಳ್ಳು ಹೇಳೋ ಶಕ್ತಿಯೇ ಇಲ್ಲ. ಅದಕ್ಕೆ ಬೆಳಕನ್ನ ಕಳೆಯೋಕೆ ಬರುತ್ತೆ, ಕೂಡಿಸೋಕೆ ಬರಲ್ಲ. ಇಲ್ಲದ ಮೋಡವನ್ನ ಅದು ಎಲ್ಲಿಂದ ತರಬೇಕು?

ಗೋಲಿಂಗ್ಸ್ ಥರ ಯಾರೋ ಒಬ್ಬರು ಇನ್ನು ನೂರೈವತ್ತು ವರ್ಷ ಆದ್ಮೇಲೆ ನಮ್ಮ ಫೋಟೋಗಳನ್ನ ಹಿಡ್ಕೊಂಡು ಹಂಪಿಗೋ ನಮ್ಮೂರ ಕೆರೆಗೋ ಬರಬಹುದು. ಕಲ್ಲು ಎಷ್ಟು ಉಳೀತು ಅಂತ ಮಾತ್ರ ಅಲ್ಲ, ಮಳೆ ಹೇಗೆ ಬರ್ತಿತ್ತು ಅಂತಾನೂ ಅವರಿಗೆ ಬೇಕಾಗಿರುತ್ತೆ. 1856ರ ಆಕಾಶ ನಮಗೆ ಸಿಗಲಿಲ್ಲ, ಆಗಿನೋರ ಕೈಯಲ್ಲಿ ಆಗ್ತಿರ್ಲಿಲ್ಲ. ನಮ್ಮ ಕೈಯಲ್ಲಿ ಆಗುತ್ತೆ. ಆಕಾಶ ಬದಲಾಯಿಸಿದ್ರೆ ಕೆಳಗೆ ಒಂದು ಸಾಲು ಬರೆದಿಡಿ, ಇದ್ದ ಆಕಾಶದ ಫೈಲ್ ಡಿಲೀಟ್ ಮಾಡಬೇಡಿ. ಮೋಡ ಇಲ್ಲದ ಬೋಳು ಆಕಾಶ ಇದ್ದ ದಿನ ಅದನ್ನೂ ಹಾಗೇ ಇಡಿ. ಮಳೆ ಬರದ ದಿನಗಳ ಲೆಕ್ಕವೂ ಯಾರಿಗೋ ಬೇಕಾಗುತ್ತೆ.