ಅದು ಗಾಂಜಾ ಅಲ್ಲ, ಪುಂಡಿ: ಒಂದು ಎಲೆಯ ಎರಡು ಸಾವಿರ ವರ್ಷದ ಕಥೆ

ಭಾಗ 1

ಮೊದಲನೇ ಫೋಟೋ ನೋಡಿ. ಹಳೇ ಪೇಂಟ್ ಬಕೆಟ್, ಅದರಲ್ಲಿ ಸೊಂಟದೆತ್ತರದ ಗಿಡ. ಕೈಬೆರಳು ಅಗಲಿಸಿ ಹಿಡಿದ ಹಾಗೆ ಎಲೆ, ಅಂಚಿಗೆ ಗರಗಸದ ಹಲ್ಲು. ಏನು ಅನ್ನಿಸ್ತು? ನಿಜ ಹೇಳಿ. ನಿಮ್ಮಲ್ಲಿ ಮುಕ್ಕಾಲು ಜನಕ್ಕೆ ಏನು ಅನ್ನಿಸ್ತೋ ನನಗೂ ಅದೇ ಅನ್ನಿಸಿತ್ತು.

ನಮ್ಮ ಪಿಜಿ ಟೆರೇಸ್‌ಗೆ ಬಟ್ಟೆ ಒಣಹಾಕೋಕೆ ಹೋದಾಗ ತೆಗೆದ ಫೋಟೋ ಇದು. ಮೇಲೊಂದು ಹೊಗೆ ಇಮೋಜಿ ಅಂಟಿಸಿ, "ನಮ್ಮ ಪಿಜಿಯಲ್ಲಿ ಕೃಷಿ ಶುರು" ಅಂತ ಸ್ಟೋರಿ ಹಾಕಿದೆ. ನಕ್ಕವರು ತುಂಬಾ ಜನ. ಸಂಜೆ ಹೊತ್ತಿಗೆ ಯಾರೋ ಸ್ಕ್ರೀನ್‌ಶಾಟ್ ತೆಗೆದು ಓನರ್ ಆಂಟಿಗೆ ಕಳಿಸಿದ್ರು. ಆಂಟಿ ಏನೂ ಕೇಳಲಿಲ್ಲ. ನಾಲ್ಕು ಬಕೆಟ್ಟಿನ ಗಿಡವನ್ನೂ ಬೇರುಸಮೇತ ಕಿತ್ತು ಕಸದ ಗಾಡಿಗೆ ಹಾಕಿಸಿದ್ರು. ಬೆಳೆಸಿದ್ದ ಫಸ್ಟ್ ಇಯರ್ ಹುಡುಗಿಗೆ, "ನಿಮ್ಮ ತಂದೆಯನ್ನ ಕರೆಸು, ರೂಮ್ ಖಾಲಿ ಮಾಡು" ಅಂದ್ರು.

ಅವಳು ಅಳ್ತಾ ನನ್ನ ಹತ್ರಾನೇ ಬಂದಳು. ಸ್ಟೋರಿ ಹಾಕಿದ್ದು ನಾನು ಅಂತ ಅವಳಿಗೆ ಆಗ ಗೊತ್ತಿರಲಿಲ್ಲ. "ಅಕ್ಕಾ, ಅದು ಪುಂಡಿ ರೀ. ನಮ್ಮವ್ವ ಬೀಜ ಕಟ್ಟಿ ಕೊಟ್ಟಿದ್ಲು. ಪಲ್ಯ ಮಾಡೋದು ರೀ ಅದು."

ಪುಂಡಿ ಅಂದ್ರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಆಮೇಲೆ ಓದೋಕೆ ಕೂತೆ. ಓದಿದ್ದನ್ನ ನಿಮಗೂ ಹೇಳಬೇಕು, ಅದಕ್ಕೇ ಈ ಏಳು ಭಾಗದ ಸೀರೀಸ್.

ಭಾಗ 2

ಒಂದು ಸಮಾಧಾನದ ವಿಷಯ: ಈ ಎರಡು ಗಿಡಗಳಲ್ಲಿ ಹೋಲಿಕೆ ಕಂಡವಳು ನಾನೇ ಮೊದಲಲ್ಲ.

ಕ್ರಿಸ್ತಶಕ ಒಂದನೇ ಶತಮಾನದಲ್ಲಿ ಡಯಾಸ್ಕೊರೈಡಿಸ್ ಅಂತ ಒಬ್ಬ ಗ್ರೀಕ್ ವೈದ್ಯ ಇದ್ದ. ಔಷಧಿ ಗಿಡಗಳ ಬಗ್ಗೆ ಅವನು ಬರೆದ ಪುಸ್ತಕವನ್ನ ಯೂರೋಪಿನವರು ಸಾವಿರದೈನೂರು ವರ್ಷ ಪಠ್ಯಪುಸ್ತಕದ ಹಾಗೆ ಇಟ್ಕೊಂಡಿದ್ರು. ಅದರಲ್ಲಿ 'ಕ್ಯಾನಬಿಸ್' ಎರಡು ಥರ ಅಂತ ಬರುತ್ತೆ. ಒಂದು ಹೊಲದಲ್ಲಿ ಬೆಳೆಸೋದು, ಇನ್ನೊಂದು ಕಾಡಿನದು. ಮೊದಲನೆಯದು ಇವತ್ತು ನಾವು ಗಾಂಜಾ ಗಿಡ ಅನ್ನೋದೇ. ಅದರ ಬಗ್ಗೆ ಅವನು ಮುಖ್ಯವಾಗಿ ಹೇಳೋದು ನಶೆಯ ವಿಷಯ ಅಲ್ಲ, ಗಟ್ಟಿ ಹಗ್ಗಕ್ಕೆ ಒಳ್ಳೇದು ಅಂತ.

ಎರಡನೆಯದು? ಅವನು ಕೊಟ್ಟ ವರ್ಣನೆ ಓದಿದ ಸಸ್ಯಶಾಸ್ತ್ರಜ್ಞರು ಅದು ಗಾಂಜಾ ಅಲ್ಲವೇ ಅಲ್ಲ ಅಂತಾರೆ. ಅವರ ಪ್ರಕಾರ ಅದು ಆಲ್ಥಿಯಾ ಕ್ಯಾನಬಿನಾ ಅನ್ನೋ ಗಿಡ, ಗುಲಾಬಿ ಬಣ್ಣದ ಹೂ ಬಿಡುತ್ತೆ. ಯಾವ ಕುಟುಂಬ ಗೊತ್ತಾ? ನಮ್ಮ ಮನೆ ಮುಂದೆ ಇರೋ ದಾಸವಾಳದ ಕುಟುಂಬ. ಈ ದಾಸವಾಳ ಕುಟುಂಬವನ್ನ ನೆನಪಲ್ಲಿಟ್ಕೊಳ್ಳಿ, ಮತ್ತೆ ಮತ್ತೆ ಬರುತ್ತೆ.

ಭಾಗ 3

ಈಗ 1753ಕ್ಕೆ ಬನ್ನಿ. ಸ್ವೀಡನ್ನಿನ ಕಾರ್ಲ್ ಲಿನೇಯಸ್ ಪ್ರಪಂಚದ ಗಿಡಗಳಿಗೆಲ್ಲ ಎರಡೆರಡು ಪದದ ಹೆಸರಿಟ್ಟು ಪುಸ್ತಕ ತಂದ ವರ್ಷ. ಗಾಂಜಾ ಗಿಡಕ್ಕೆ ಕ್ಯಾನಬಿಸ್ ಸಟೈವಾ ಅಂತ ಹೆಸರು ಬಂದಿದ್ದು ಅದೇ ಪುಸ್ತಕದಲ್ಲಿ. 'ಸಟೈವಾ' ಅಂದ್ರೆ ಲ್ಯಾಟಿನ್‌ನಲ್ಲಿ 'ಬಿತ್ತಿ ಬೆಳೆಸೋದು' ಅಂತ ಅಷ್ಟೇ. ಭತ್ತದ ಹೆಸರು ಒರೈಜಾ ಸಟೈವಾ, ಅಲ್ಲೂ ಅದೇ ಪದ.

ಗಾಂಜಾ ಅಲ್ಲದ ಎಷ್ಟೋ ಗಿಡಗಳ ಹೆಸರಿಗೂ ಲಿನೇಯಸ್ ಕ್ಯಾನಬಿಸ್ ಅನ್ನ ಅಂಟಿಸಿದ. ಯೂರೋಪಿನ ಹಳ್ಳಗಳ ಪಕ್ಕ ಬೆಳೆಯೋ ಒಂದು ಗಿಡ ಯುಪಟೋರಿಯಂ ಕ್ಯಾನಬಿನಂ ಆಯ್ತು. ಹಿಮಾಲಯದ ಕಡೆ ರೇಷ್ಮೆಗೆ ಹಳದಿ ಬಣ್ಣ ಕೊಡೋ ಗಿಡ ಡಟಿಸ್ಕಾ ಕ್ಯಾನಬಿನಾ ಆಯ್ತು. ಡಯಾಸ್ಕೊರೈಡಿಸ್‌ನ 'ಕಾಡು ಕ್ಯಾನಬಿಸ್' ಅಂತ ಗುರುತಿಸಿರೋ ಆಲ್ಥಿಯಾ ಕ್ಯಾನಬಿನಾಗೂ ಹೆಸರು ಕೊಟ್ಟವನು ಅವನೇ.

1759ರಲ್ಲಿ ಇನ್ನೊಂದು ಹೆಸರು ಬಂತು. ಹಿಬಿಸ್ಕಸ್ ಕ್ಯಾನಬಿನಸ್, ಅಂದ್ರೆ 'ಗಾಂಜಾದಂಥ ದಾಸವಾಳ'.

ಅದೇ ಪುಂಡಿ!

ಮರಾಠಿಯವರ ಅಂಬಾಡಿ ಇದೇ. ತೆಲುಗಿನವರ ಗೋಂಗೂರ ಅನ್ನೋ ಹೆಸರು ಇದಕ್ಕೂ ಇದೆ, ಇದರ ಸೋದರ ಗಿಡ ಹಿಬಿಸ್ಕಸ್ ಸಬ್ದಾರಿಫಾಗೂ ಇದೆ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಕಡೆ ಪುಂಡಿಪಲ್ಯ ಇಲ್ಲದ ಮನೆ ಹುಡುಕೋದು ಕಷ್ಟ. ಹುಳಿ ಸೊಪ್ಪು, ಬೇಳೆ, ಜೋಳದ ನುಚ್ಚು, ಮೇಲೆ ಬೆಳ್ಳುಳ್ಳಿ ಒಗ್ಗರಣೆ, ಜೊತೆಗೆ ಜೋಳದ ರೊಟ್ಟಿ. ಅಂದ್ರೆ ನಾನು ಟೆರೇಸ್ ಮೇಲೆ ನಿಂತು ಮಾಡಿದ ಜೋಕನ್ನ ಲಿನೇಯಸ್ 260 ವರ್ಷ ಮೊದಲೇ ಮಾಡಿದ್ದ. ಆದರೆ ಅವನದು ಜೋಕ್ ಅಲ್ಲ, ಗಿಡವನ್ನ ಗುರುತಿಸೋಕೆ ಕೊಟ್ಟ ಸುಳಿವು. ಅದರಿಂದ ಯಾರೂ ರೂಮ್ ಖಾಲಿ ಮಾಡಬೇಕಾಗಿ ಬರಲಿಲ್ಲ.

ಭಾಗ 4

ಬಿಕಾಂ ಓದೋರಿಗೆ ಇಷ್ಟ ಆಗೋ ಭಾಗ ಇದು. ಆ ಕಾಲದಲ್ಲಿ 'ಹೆಂಪ್' ಅಂದ್ರೆ ಮಾರ್ಕೆಟ್‌ನಲ್ಲಿ ಮರ್ಯಾದೆಯ ಹೆಸರು. ಯಾಕೆ? ಹಡಗಿಗೆ ಹಗ್ಗ ಬೇಕು, ಹಾಯಿ ಬಟ್ಟೆ ಬೇಕು. ಬ್ರಿಟಿಷ್ ನೌಕಾಪಡೆಗೆ ಬೇಕಾದ ಹೆಂಪ್‌ನಲ್ಲಿ ಬಹುಪಾಲು ರಷ್ಯಾದಿಂದ ಬರ್ತಿತ್ತು. ಒಬ್ಬನೇ ಸಪ್ಲೈಯರ್ ಮೇಲೆ ಅಷ್ಟು ಭಾರ ಹಾಕಿದ್ರೆ ಏನಾಗುತ್ತೆ ಅಂತ ನಮಗೇನು ಹೇಳಿಕೊಡಬೇಕಾ? ರಷ್ಯಾ ಜೊತೆ ಸಂಬಂಧ ಕೆಟ್ಟಾಗೆಲ್ಲ ಇಂಗ್ಲಿಷರಿಗೆ ನಡುಕ.

ಅದಕ್ಕೇ ಈಸ್ಟ್ ಇಂಡಿಯಾ ಕಂಪನಿ ಭಾರತದಲ್ಲಿ ಬೇರೆ ನಾರು ಹುಡುಕೋಕೆ ಶುರು ಮಾಡ್ತು. ಕಲ್ಕತ್ತಾದ ಸಸ್ಯೋದ್ಯಾನ ನೋಡ್ಕೊಳ್ತಿದ್ದ ವಿಲಿಯಂ ರಾಕ್ಸ್‌ಬರ್ಗ್ ನಮ್ಮ ನಾರಿನ ಗಿಡಗಳ ಮೇಲೆ ಸಾಲುಸಾಲಾಗಿ ಪ್ರಯೋಗ ಮಾಡಿದ. 1853ರಲ್ಲಿ ಕ್ರಿಮಿಯನ್ ಯುದ್ಧ ಶುರುವಾಯ್ತು, ರಷ್ಯಾನೇ ಶತ್ರು. 1855ರಲ್ಲಿ ಜಾನ್ ಫೋರ್ಬ್ಸ್ ರಾಯ್ಲ್ ಭಾರತದ ನಾರಿನ ಗಿಡಗಳ ಬಗ್ಗೆ ಒಂದು ದಪ್ಪ ಪುಸ್ತಕವನ್ನೇ ತಂದ.

ಈ ಹುಡುಕಾಟದಲ್ಲಿ ಹಗ್ಗ ಕೊಡೋ ಗಿಡಕ್ಕೆಲ್ಲ 'ಹೆಂಪ್' ಅನ್ನೋ ಬಾಲ ಸೇರಿತು. ನಮ್ಮ ಹೊಲಗಳ ಅಪ್ಸೆಣಬು 'ಸನ್ ಹೆಂಪ್'. ಫಿಲಿಪೀನ್ಸಿನ ಬಾಳೆ ಜಾತಿಯ ನಾರು 'ಮನಿಲಾ ಹೆಂಪ್'. ನಮ್ಮ ಪುಂಡಿ 'ಡೆಕ್ಕನ್ ಹೆಂಪ್'. ಇವು ಯಾವುದರಲ್ಲೂ ಗಾಂಜಾ ಇಲ್ಲ. ಒಳ್ಳೆ ಬ್ರ್ಯಾಂಡ್ ಹೆಸರು ಸಿಕ್ಕರೆ ಎಲ್ಲರೂ ಬಳಸ್ಕೊಳ್ತಾರಲ್ಲ, ಹಾಗೆ ಅಷ್ಟೇ.

ನಮ್ಮ ರೈತರು ಇದಕ್ಕೆಲ್ಲ ಕಾಯ್ತಾ ಕೂತಿರಲಿಲ್ಲ. ಪುಂಡಿ ಕಡ್ಡಿಯನ್ನ ನೀರಲ್ಲಿ ಕೊಳೆಹಾಕಿ, ನಾರು ಸುಲಿದು, ಹಗ್ಗ ಹೊಸೆದು ದನ ಕಟ್ಟೋದು ಹಿಂದಿನಿಂದಲೂ ಇತ್ತು. ಎಲೆ ತಟ್ಟೆಗೆ, ಕಡ್ಡಿ ಹಗ್ಗಕ್ಕೆ.

ಭಾಗ 5

ಹಾಗಾದ್ರೆ ಮರ್ಯಾದೆಯ ಹೆಸರು ಬೈಗುಳ ಆಗಿದ್ದು ಯಾವಾಗ?

ಒಂದೇ ದಿನದಲ್ಲಿ ಅಲ್ಲ. ಬ್ರಿಟಿಷ್ ಕಾಲದಲ್ಲಿ ಗಾಂಜಾ ಅನ್ನೋದು ತೆರಿಗೆ ತರೋ ಬೆಳೆ. ಈಗಿನ ಬಾಂಗ್ಲಾದೇಶದ ನವಗಾಂವ್ ಕಡೆ ಲೈಸೆನ್ಸ್ ಕೊಟ್ಟು ಬೆಳೆಸ್ತಿದ್ರು. ಇದು ಜನರನ್ನ ಹಾಳು ಮಾಡುತ್ತಾ ಅಂತ ಲಂಡನ್ ಪಾರ್ಲಿಮೆಂಟ್‌ನಲ್ಲಿ ಪ್ರಶ್ನೆ ಎದ್ದಾಗ, 1893ರಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ನೇಮಿಸಿದ್ರು. ಅದು 1,193 ಸಾಕ್ಷಿಗಳನ್ನ ವಿಚಾರಿಸಿತು. 1894ರಲ್ಲಿ ಕೊಟ್ಟ ವರದಿಯ ಸಾರ: ಪೂರ್ತಿ ನಿಷೇಧ ಬೇಡ, ಲೈಸೆನ್ಸ್ ಮತ್ತು ತೆರಿಗೆಯಿಂದ ಹಿಡಿತದಲ್ಲಿಡಿ.

ಆಮೇಲೆ ಗಾಳಿ ತಿರುಗಿತು. 1937ರಲ್ಲಿ ಅಮೆರಿಕದ ಮರಿಹ್ವಾನಾ ತೆರಿಗೆ ಕಾಯ್ದೆ. 1961ರಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಒಪ್ಪಂದ. 1985ರ ನವೆಂಬರ್ 14ರಿಂದ ನಮ್ಮ ದೇಶದಲ್ಲಿ ಎನ್‌ಡಿಪಿಎಸ್ ಕಾಯ್ದೆ. ಇದರ ಪ್ರಕಾರ ಅನುಮತಿ ಇಲ್ಲದೆ ಗಾಂಜಾ ಗಿಡ ಬೆಳೆಸಿದ್ರೆ 10 ವರ್ಷದವರೆಗೂ ಕಠಿಣ ಶಿಕ್ಷೆ ಆಗಬಹುದು. ತಮಾಷೆ ವಿಷಯ ಅಲ್ಲ ಇದು.

ಒಂದು ಸೂಕ್ಷ್ಮ ನೋಡಿ. ಅದೇ ಕಾಯ್ದೆಯಲ್ಲಿ 'ಗಾಂಜಾ' ಅಂದ್ರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಆ ವ್ಯಾಖ್ಯಾನದೊಳಗೆ ಬರೋದಿಲ್ಲ. ಕಾನೂನು ನೋಡೋದು ಹೂವಿನ ತುದಿಯನ್ನ. ನಾವು ನೋಡೋದು ಎಲೆಯನ್ನ.

ಯಾಕೆಂದ್ರೆ ಆ ಹೊತ್ತಿಗೆ ಎಲೆ ಒಂದು ಲೋಗೋ ಆಗಿತ್ತು. ಟೀ ಶರ್ಟ್, ಕ್ಯಾಪ್, ಬೈಕ್ ಸ್ಟಿಕ್ಕರ್, ಕೀ ಚೈನ್. ನಾನು ಈವರೆಗೂ ನಿಜವಾದ ಗಾಂಜಾ ಗಿಡ ನೋಡಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಕೂಡ ನೋಡಿರಲ್ಲ. ನಮಗೆ ಗೊತ್ತಿರೋದು ಸ್ಟಿಕ್ಕರ್ ಮಾತ್ರ. ಹಿಂದಿನವರು ಎರಡೂ ಗಿಡ ನೋಡಿ "ಇದು ಅದರ ಹಾಗಿದೆ" ಅಂದ್ರು. ನಾವು ಒಂದನ್ನೂ ನೋಡದೆ "ಇದು ಅದೇ" ಅಂತೀವಿ.

ಭಾಗ 6

ಸ್ಟಿಕ್ಕರ್ ಕಣ್ಣಿಗೆ ಪೊಲೀಸ್ ಅಧಿಕಾರವೂ ಸೇರಿದ್ರೆ ಏನಾಗುತ್ತೆ? ಅಮೆರಿಕದ ಮೂರು ಘಟನೆ ಹೇಳ್ತೀನಿ.

2012ರ ಏಪ್ರಿಲ್ 20, ಕ್ಯಾನ್ಸಸ್ ರಾಜ್ಯ. ಒಬ್ಬ ಅಪ್ಪ ಮಗನ ಜೊತೆ ಸೇರಿ ನೆಲಮಾಳಿಗೆಯಲ್ಲಿ ಟೊಮೆಟೊ ಬೆಳೆಸೋಕೆ ಸಾಮಾನು ತಂದಿದ್ದ. ಆ ಅಂಗಡಿಗೆ ಹೋದವರ ಮೇಲೆ ಪೊಲೀಸರು ಕಣ್ಣಿಟ್ಟಿದ್ರು. ತಿಂಗಳುಗಳ ನಂತರ ಅವರ ಮನೆ ಕಸ ಕೆದಕಿದಾಗ ಒದ್ದೆ ಎಲೆ ಸಿಕ್ತು. ಸ್ಥಳದಲ್ಲೇ ಮಾಡೋ ಟೆಸ್ಟ್ ಕಿಟ್ 'ಗಾಂಜಾ' ಅಂತು. ಬೆಳಿಗ್ಗೆ ಬಂದೂಕು ಹಿಡಿದು ಮನೆಗೆ ನುಗ್ಗಿದ್ರು. ಸಿಕ್ಕಿದ್ದು ಟೊಮೆಟೊ ಗಿಡ. ಕಸದಲ್ಲಿದ್ದದ್ದು ಟೀ ಸೊಪ್ಪು! ದಾಳಿ ಯಾಕಾಯ್ತು ಅಂತ ದಾಖಲೆ ಪಡೆಯೋಕೇ ಆ ಕುಟುಂಬ 25,000 ಡಾಲರ್ ಖರ್ಚು ಮಾಡಬೇಕಾಯ್ತು.

2014ರ ಅಕ್ಟೋಬರ್, ಜಾರ್ಜಿಯಾ ರಾಜ್ಯ. ಹೆಲಿಕಾಪ್ಟರ್‌ನಿಂದ ಗಾಂಜಾ ಹುಡುಕ್ತಿದ್ದ ತಂಡಕ್ಕೆ ಒಬ್ಬ ನಿವೃತ್ತರ ಹಿತ್ತಿಲಲ್ಲಿ ಅನುಮಾನದ ಗಿಡ ಕಾಣಿಸ್ತು. ಶಸ್ತ್ರ, ನಾಯಿ ಸಮೇತ ಬಂದ್ರು. ಗಿಡ ಯಾವುದು? ಬೆಂಡೆಕಾಯಿ. ಕ್ಷಮೆ ಕೇಳಿ ಹೋದ್ರು.

2017ರ ಅಕ್ಟೋಬರ್, ಪೆನ್ಸಿಲ್ವೇನಿಯಾ ರಾಜ್ಯ. ಬಿದ್ದ ಮರದ ವಿಮೆ ವಿಚಾರಕ್ಕೆ ಬಂದವನೊಬ್ಬ ಹಿತ್ತಿಲ ಗಿಡಗಳ ಫೋಟೋ ತೆಗೆದು ಪೊಲೀಸರಿಗೆ ಕೊಟ್ಟ. 60 ದಾಟಿದ ಗಂಡ ಹೆಂಡತಿಗೆ ಬೇಡಿ ಹಾಕಿ ಗಂಟೆಗಟ್ಟಲೆ ಪೊಲೀಸ್ ಕಾರಲ್ಲಿ ಕೂರಿಸಿದ್ರು. ಗಿಡ ಯಾವುದು? ದಾಸವಾಳ.

ಗಮನಿಸಿದ್ರಾ? ಬೆಂಡೆಗೆ ಲಿನೇಯಸ್ ಮೊದಲು ಇಟ್ಟ ಹೆಸರೂ ಹಿಬಿಸ್ಕಸ್ ಅಂತಲೇ ಶುರುವಾಗುತ್ತೆ. ಡಯಾಸ್ಕೊರೈಡಿಸ್‌ನಿಂದ ಹೆಲಿಕಾಪ್ಟರ್‌ವರೆಗೆ ಅದೇ ದಾಸವಾಳ ಕುಟುಂಬ. ಹೋಲಿಕೆ ಎರಡು ಸಾವಿರ ವರ್ಷದಿಂದ ಅಷ್ಟೇ ಇದೆ. ಬದಲಾಗಿದ್ದು ಹೋಲಿಕೆಗೆ ತೆರಬೇಕಾದ ಬೆಲೆ. ಮೊದಲು ಅದರಿಂದ ಗಿಡಕ್ಕೆ ಒಂದು ಹೆಸರು ಬರ್ತಿತ್ತು, ಈಗ ಮನುಷ್ಯರ ಹೆಸರು ಹೋಗುತ್ತೆ.

ಪೆನ್ಸಿಲ್ವೇನಿಯಾ ಘಟನೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಫೋಟೋ ತೆಗೆದು ಕಳಿಸಿದ ಆ ಮನುಷ್ಯನಿಗೂ ನನಗೂ ಏನು ವ್ಯತ್ಯಾಸ?

ಭಾಗ 7 (ಕೊನೆ)

ಇದನ್ನ ಸೇವ್ ಮಾಡ್ಕೊಳ್ಳಿ. ಗಾಂಜಾ ಎಲೆಯ ಬೆರಳುಗಳು ಒಂದೊಂದೂ ಬುಡದವರೆಗೆ ಪೂರ್ತಿ ಬೇರೆಬೇರೆ ಇರುತ್ತೆ, ಅಂಚಲ್ಲಿ ಹಲ್ಲು, ಹೂ ಹಸಿರು, ತುಂಬಾ ಸಣ್ಣದು.

ಪುಂಡಿ: ಕೆಳಗಿನ ಎಲೆ ಹೃದಯದ ಆಕಾರ, ಮೇಲೆ ಹೋದ ಹಾಗೆ ಬೆರಳು ಒಡೆಯುತ್ತೆ. ಕಾಂಡದ ಮೇಲೆ ಸಣ್ಣ ಮುಳ್ಳು. ಹೂ ದೊಡ್ಡದು, ತಿಳಿ ಹಳದಿ, ನಡುವೆ ಕಡುಗೆಂಪು. ಒಂದು ಎಲೆ ಬಾಯಿಗೆ ಹಾಕಿದ್ರೆ ಹುಳಿ.

ಲಕ್ಕಿ: ಊರ ಬೇಲಿಗಳಲ್ಲಿ ಇರುತ್ತಲ್ಲ, ನೆಗಡಿ ಆದಾಗ ಅಜ್ಜಿ ಹಬೆಗೆ ಹಾಕೋ ಸೊಪ್ಪು. ಎಲೆಗೆ ಮೂರೋ ಐದೋ ಬೆರಳು, ಕಾಂಡ ಕಟ್ಟಿಗೆಯಂಥದ್ದು, ಹೂ ನೇರಳೆ. ಇದರ ಒಂದು ಬಗೆಗೂ ಸಸ್ಯಶಾಸ್ತ್ರದಲ್ಲಿ 'ಕ್ಯಾನಬಿಫೋಲಿಯಾ' ಅನ್ನೋ ಹೆಸರಿದೆ, 'ಗಾಂಜಾ ಎಲೆಯದು' ಅಂತ.

ಮರಗೆಣಸು: ಬೆರಳು ಬೆರಳಾದ ಎಲೆ, ಆದರೆ ಅಂಚು ನುಣುಪು, ಹಲ್ಲಿಲ್ಲ. ಮುರಿದ್ರೆ ಹಾಲು ಬರುತ್ತೆ.

ಇನ್ನೊಂದು ವಿಷಯ. ಎನ್‌ಡಿಪಿಎಸ್ ಕಾಯ್ದೆಯ 58ನೇ ಸೆಕ್ಷನ್ ಓದಿ. ಬೇಕಂತಲೇ ದುರುದ್ದೇಶದಿಂದ ಸುಳ್ಳು ಮಾಹಿತಿ ಕೊಟ್ಟು ಯಾರ ಮೇಲಾದ್ರೂ ದಾಳಿ, ಬಂಧನ ಆಗೋ ಹಾಗೆ ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು ಆಗಬಹುದು. ನನ್ನದು ದುರುದ್ದೇಶ ಅಲ್ಲ, ಬರೀ ನಗು. ಆದರೆ ಕಿತ್ತ ಗಿಡಕ್ಕೆ ಆ ವ್ಯತ್ಯಾಸ ಗೊತ್ತಾಗಲ್ಲ.

ಅವಳ ಅಪ್ಪ ಯಾದಗಿರಿಯಿಂದ ರಾತ್ರಿ ಬಸ್ಸಲ್ಲಿ ಬಂದ್ರು. ಚೀಲದಲ್ಲಿ ಊರಿನ ಪುಂಡಿ ಸೊಪ್ಪಿನ ಕಟ್ಟು ಇತ್ತು. ಆಂಟಿ ಮುಂದೆ ಇಟ್ಟು, "ತಿಂದು ನೋಡ್ರಿ ಅಮ್ಮಾರ" ಅಂದ್ರು, ಅಷ್ಟೇ. ಆಂಟಿ ಒಂದೆಲೆ ಬಾಯಿಗೆ ಹಾಕಿ ತಲೆ ತಗ್ಗಿಸಿ ಕ್ಷಮೆ ಕೇಳಿದ್ರು. ನಾನೂ ಅವತ್ತೇ ನಿಜ ಹೇಳಿದೆ. ಅವಳು ಏನೂ ಬೈಯಲಿಲ್ಲ. ಆದರೆ ಅಲ್ಲಿ ಇರೋಕೆ ಮನಸ್ಸಾಗದೆ ಬೇರೆ ಪಿಜಿಗೆ ಹೋದಳು.

ನನ್ನ ಸ್ಟೋರಿ 24 ಗಂಟೆಗೆ ತಾನಾಗೇ ಅಳಿಸಿ ಹೋಯ್ತು. ಈ ಬರಹ ಅಳಿಸಲ್ಲ, ಪೇಜ್ ಮೇಲೇ ಪಿನ್ ಮಾಡಿ ಇಡ್ತೀನಿ. ಅವಳು ಓದಿ ಒಪ್ಪಿದ ಮೇಲೆಯೇ ಹಾಕಿರೋದು.

ಕೊನೇ ಫೋಟೋ ನೋಡಿ. ಅದೇ ಪೇಂಟ್ ಬಕೆಟ್, ಎರಡು ಎಲೆಯ ಮೊಳಕೆ. ಬೀಜ ಕೇಳಿದ್ದು ನಾನು, ಕೊಟ್ಟಿದ್ದು ಅವಳು. ಆಂಟಿ ದಿನಾ ನೀರು ಹಾಕ್ತಾರೆ. ಸೊಪ್ಪು ಬಂದಾಗ ಪಲ್ಯ ಮಾಡೋದು ಹೇಗೆ ಅಂತ ಕಾಮೆಂಟ್‌ನಲ್ಲಿ ಹೇಳಿ, ಉತ್ತರ ಕರ್ನಾಟಕದವರೇ. ಮತ್ತೆ ನಿಮ್ಮೂರಲ್ಲಿ ಜನ ತಪ್ಪು ತಿಳಿಯೋ ಗಿಡ ಯಾವುದು? ಫೋಟೋ ಕಳಿಸಿ. ಕಳಿಸೋ ಮುಂಚೆ ಗಿಡ ಬೆಳೆಸಿದವರನ್ನ ಒಂದು ಮಾತು ಕೇಳಿ.

#ಪುಂಡಿ #ಪುಂಡಿಪಲ್ಯ #ಗಿಡದಕಥೆ #ಇತಿಹಾಸ #ಕನ್ನಡ